ಓವಲ್ ಮೈದಾನದಿಂದ ಬಸವಣ್ಣನವರ ತನಕ

ಕ್ರೀಡೆ–ಪ್ರವಾಸ: ಓದುಗರ ಪ್ರಶ್ನೆ, ಬೀದರ್‌ನ ನಿವೃತ್ತ ಪಿ.ಟಿ. ಮಾಸ್ತರರ ಉತ್ತರ

ಹೋದ ತಿಂಗಳು ಲಂಡನ್ ಬಗ್ಗೆ ನಾಲ್ಕು ಸಾಲು ಬರೆದಿದ್ದಕ್ಕೆ ಇಷ್ಟು ಪತ್ರ ಬರುತ್ತವೆ ಅಂತ ಎಣಿಸಿರಲಿಲ್ಲ. ನಮ್ಮ ಕಡೆಯ ಮಕ್ಕಳು ಅಲ್ಲಿ ದವಾಖಾನೆಗಳಲ್ಲಿ, ಸಾಫ್ಟ್‌ವೇರ್ ಕಂಪನಿಗಳಲ್ಲಿ ಇದ್ದಾರೆ. ಅಲ್ಲಿನ ಬೇಸಿಗೆ ಶುರುವಾದರೆ ಅಪ್ಪ–ಅವ್ವನನ್ನು ಕರೆಸಿಕೊಳ್ಳುತ್ತಾರೆ. ನನ್ನ ಮಗಳೂ ಅಲ್ಲಿ ನರ್ಸ್. ನಾನು ನಿವೃತ್ತನಾದ 2018ರಲ್ಲಿ ಒಮ್ಮೆ, 2023ರಲ್ಲಿ ಮತ್ತೊಮ್ಮೆ, ಎರಡೂ ಸೇರಿ ಐದು ತಿಂಗಳು ನಾನು, ನಮ್ಮ ಮನೆಯಾಕೆ ಅಲ್ಲಿದ್ದೆವು. ಆ ಐದು ತಿಂಗಳಲ್ಲಿ ಕಾಲು ಸವೆಸಿ ತಿಳಿದದ್ದನ್ನು ಇಲ್ಲಿ ಹೇಳುತ್ತೇನೆ.

ಪ್ರಶ್ನೆ: ಜೂನ್‌ನಲ್ಲಿ ಹತ್ತು ದಿನ ಮಗನ ಹತ್ತಿರ ಹೊರಟಿದ್ದೇವೆ. ನಮ್ಮ ಮನೆಯವರಿಗೆ ಕ್ರಿಕೆಟ್ ಒಂದೇ ಬೇಕು. ನನಗೆ ಹಳೆಯ ಊರು, ಮ್ಯೂಸಿಯಂ ನೋಡುವ ಆಸೆ. ಇಬ್ಬರೂ ದಿನ ಹಂಚಿಕೊಂಡು ಬೇರೆ ಬೇರೆ ತಿರುಗೋಣ ಅನ್ನುತ್ತಾರೆ. ನೀವೇನಂತೀರಿ? — ಒಬ್ಬ ಓದುಗಿ, ಕಲಬುರಗಿ

ಉತ್ತರ: ಬೇರೆ ಬೇರೆ ತಿರುಗಬೇಡ್ರಿ ಅಕ್ಕಾರ. ಆ ಊರಿನಲ್ಲಿ ಮೈದಾನಗಳೇ ಹಳೆಯ ಕಟ್ಟಡಗಳ ಸಾಲಿಗೆ ಸೇರುತ್ತವೆ. ಥೇಮ್ಸ್ ನದಿಯ ದಕ್ಷಿಣಕ್ಕೆ ಇರುವ ಓವಲ್ ಮೈದಾನವನ್ನೇ ತಗೊಳ್ರಿ. ಇಂಗ್ಲೆಂಡ್ ನೆಲದ ಮೊದಲ ಟೆಸ್ಟ್ ಪಂದ್ಯ 1880ರಲ್ಲಿ ನಡೆದದ್ದು ಅಲ್ಲಿ. ಅದಕ್ಕೂ ಎಂಟು ವರ್ಷ ಮೊದಲು, 1872ರಲ್ಲಿ, ಎಫ್.ಎ. ಕಪ್ ಫುಟ್‌ಬಾಲಿನ ಮೊಟ್ಟಮೊದಲ ಫೈನಲ್ ಆಡಿದ್ದೂ ಅದೇ ಹುಲ್ಲಿನ ಮೇಲೆ. ಟಿವಿಯಲ್ಲಿ ಮೈದಾನದ ಹಿಂದೆ ಕಬ್ಬಿಣದ ಪಂಜರದಂಥ ದೊಡ್ಡ ಚೌಕಟ್ಟು ಕಾಣುತ್ತದಲ್ಲ, ಅದು ಹಿಂದಿನ ಕಾಲದ ಗ್ಯಾಸ್ ಸಂಗ್ರಹದ ತೊಟ್ಟಿ. ಅದನ್ನೂ ಕೆಡವಬಾರದು ಅಂತ ಸಂರಕ್ಷಿತ ಪಟ್ಟಿಗೆ ಸೇರಿಸಿದ್ದಾರೆ.

ಭಾರತ–ಇಂಗ್ಲೆಂಡ್ ಟೆಸ್ಟಿನ ಟಿಕೆಟ್ ಸಿಗಲಿಲ್ಲ ಅಂತ ನಿಮ್ಮ ಮನೆಯವರು ಮುಖ ಸಣ್ಣ ಮಾಡಿಕೊಳ್ಳಬೇಕಾಗಿಲ್ಲ. ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿ ಕೌಂಟಿ ಪಂದ್ಯ, ಅಂದರೆ ಅಲ್ಲಿನ ಜಿಲ್ಲಾ ತಂಡಗಳ ನಡುವಿನ ಪಂದ್ಯ, ನಡೆಯುತ್ತವೆ. ಚಾಂಪಿಯನ್‌ಷಿಪ್ ಪಂದ್ಯವಾದರೆ ಒಂದೊಂದೂ ನಾಲ್ಕು ದಿನದ್ದು. ಓವಲ್ ಸರ್ರೆ ತಂಡದ ಮನೆ, ಲಂಡನ್ನಿನ ಇನ್ನೊಂದು ಮೈದಾನ ಲಾರ್ಡ್ಸ್ ಮಿಡ್ಲ್‌ಸೆಕ್ಸ್ ತಂಡದ ಮನೆ. ಟೆಸ್ಟಿನ ಟಿಕೆಟ್ಟಿನ ಬೆಲೆಯ ಒಂದು ಸಣ್ಣ ಪಾಲಿನಲ್ಲಿ ಇಡೀ ದಿನ ಕೂತು ನೋಡಬಹುದು. 2023ರಲ್ಲಿ ನಾವಿಬ್ಬರೂ ಹೀಗೆ ಒಂದು ದಿನ ಹೋದೆವು. ಕೂರುವ ಬಾಕುಗಳು ಬಹಳಷ್ಟು ಖಾಲಿ. ಪಕ್ಕದಲ್ಲಿ ಒಬ್ಬ ಮುದುಕರು ಪೆನ್ಸಿಲ್ ಹಿಡಿದು ಸ್ಕೋರ್ ಪುಸ್ತಕದಲ್ಲಿ ಒಂದೊಂದು ಚೆಂಡಿನ ಲೆಕ್ಕ ಬರೆಯುತ್ತಿದ್ದರು. ನಾನು ಮೂವತ್ತು ವರ್ಷ ಶಾಲಾ ಪಂದ್ಯಗಳಿಗೆ ಅದೇ ಕೆಲಸ ಮಾಡಿದವನು; ಅವರ ಗುರುತು ನನಗೆ ಓದಲು ಬಂತು, ನನ್ನ ಹರಕು ಇಂಗ್ಲಿಷ್ ಅವರಿಗೆ ತಿಳಿಯಿತು. ಚೀಲದಲ್ಲಿ ಖಡಕ್ ರೊಟ್ಟಿ, ಶೇಂಗಾ ಹಿಂಡಿ ಇತ್ತು. ಅವರಿಗೂ ಅರ್ಧ ರೊಟ್ಟಿ ಕೊಟ್ಟೆವು. ಊಟದ ವಿರಾಮದಲ್ಲಿ ಪ್ರೇಕ್ಷಕರನ್ನು ಒಳಗೆ ಹುಲ್ಲಿನ ಮೇಲೆ ಬಿಟ್ಟರು. ಪಿಚ್ಚಿಗೆ ಹಗ್ಗ ಕಟ್ಟಿರುತ್ತಾರೆ, ಅದರಾಚೆ ಹೋಗುವಂತಿಲ್ಲ. ಕ್ರಿಕೆಟ್ ಅಂದರೆ ಒಲ್ಲೆ ಅನ್ನುತ್ತಿದ್ದ ನಮ್ಮ ಮನೆಯಾಕೆ ಚಪ್ಪಲಿ ಕೈಯಲ್ಲಿ ಹಿಡಿದು ಬರಿಗಾಲಲ್ಲಿ ಒಂದು ಸುತ್ತು ಹಾಕಿ ಬಂದಳು.

ನನಗೆ ಆ ಹುಲ್ಲು ಯಾಕೆ ಅಷ್ಟು ದೊಡ್ಡದು ಅಂತ ಹೇಳುತ್ತೇನೆ ಕೇಳ್ರಿ. 1971ರ ಆಗಸ್ಟ್ 24, ಗಣೇಶ ಚತುರ್ಥಿ. ನಾನು ಹದಿಮೂರು ವರ್ಷದ ಹುಡುಗ. ಇಂಗ್ಲೆಂಡ್ ನೆಲದ ಮೇಲೆ ಭಾರತ ಅಲ್ಲಿತನಕ ಒಂದೂ ಟೆಸ್ಟ್ ಗೆದ್ದಿರಲಿಲ್ಲ. ಹಿಂದಿನ ದಿನ ಇದೇ ಓವಲ್‌ನಲ್ಲಿ ನಮ್ಮ ಬಿ.ಎಸ್. ಚಂದ್ರಶೇಖರ್ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಮುಗಿಸಿದ್ದರು. ಪೋಲಿಯೊ ಬಂದು ಸೊರಗಿದ ಕೈ ಅದು. ಹಬ್ಬದ ದಿನ ಸಂಜೆ ನಮ್ಮ ಓಣಿಯಲ್ಲಿ ಇದ್ದ ಒಂದೇ ರೇಡಿಯೊದ ಸುತ್ತ ಗಣಪತಿ ಕೂಡಿಸಿದವರು, ಮಸೀದಿಯಿಂದ ಬಂದವರು ಎಲ್ಲರೂ ಒಟ್ಟಿಗೆ ನಿಂತಿದ್ದೆವು. ಗೆಲುವಿನ ಬೌಂಡರಿ ಹೊಡೆದದ್ದು ಹೈದರಾಬಾದಿನ ಸೈಯದ್ ಆಬಿದ್ ಅಲಿ. ಬೀದರ್‌ಗೆ ಹೈದರಾಬಾದ್ ಪಕ್ಕದ ಮನೆ ಇದ್ದಂಗ. ಹಾಗಾಗಿ ಆ ಗೆಲುವು ಎರಡು ಕಡೆಯಿಂದಲೂ ನಮ್ಮದಾಯಿತು. ಹಬ್ಬ ಅಂತ ಅಲ್ಲಿನ ಭಾರತೀಯರು ಮೃಗಾಲಯದಿಂದ ಬೆಲ್ಲಾ ಅನ್ನುವ ಆನೆಯನ್ನು ಮೈದಾನಕ್ಕೆ ಕರೆತಂದಿದ್ದರು ಅಂತ ಆಮೇಲೆ ತಿಳಿಯಿತು. ಆ ಆನೆ ನಡೆದ ಹುಲ್ಲಿನ ಮೇಲೆ ನಾನು ಐವತ್ತೆರಡು ವರ್ಷದ ಮೇಲೆ ನಿಂತಿದ್ದೆ.

ಈಗ ನಿಮ್ಮ ಹಳೆಯ ಊರಿನ ಮಾತು. ಆಟ ಮುಂಜಾನೆ 11ಕ್ಕೆ ಶುರು. ಚಹಾ ವಿರಾಮದ ತನಕ ನೋಡಿ ಎದ್ದುಬಿಡ್ರಿ. ಜೂನ್‌ನಲ್ಲಿ ಅಲ್ಲಿ ರಾತ್ರಿ ಒಂಬತ್ತರ ತನಕ ಬೆಳಕಿರುತ್ತದೆ. ಓವಲ್‌ನಿಂದ ವಾಕ್ಸ್‌ಹಾಲ್ ದಾಟಿ ನದಿ ದಂಡೆಗೆ ಬಂದು ಬಲಕ್ಕೆ ತಿರುಗಿ ನಡೆದರೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್. ಆರಾಮಾಗಿ ನಡೆದರೂ ಅರ್ಧ ತಾಸು. ಅಲ್ಲಿ ಉದ್ಯಾನದಲ್ಲಿ, ಥೇಮ್ಸ್ ದಂಡೆಯ ಮೇಲೆ, ನಮ್ಮ ಬಸವಣ್ಣನವರು ಇದ್ದಾರೆ. 2015ರ ನವೆಂಬರ್ 14ರಂದು ಪ್ರಧಾನಿ ಮೋದಿಯವರು ಅನಾವರಣ ಮಾಡಿದ ಮೂರ್ತಿ. ಅದರ ಹಿಂದೆ ದುಡಿದ ಡಾ. ನೀರಜ್ ಪಾಟೀಲರು ಲ್ಯಾಂಬೆತ್‌ನ ಮೇಯರ್ ಆಗಿದ್ದವರು, ನಿಮ್ಮ ಕಲಬುರಗಿಯವರೇ. ಬಸವಕಲ್ಯಾಣದ ಅನುಭವ ಮಂಟಪ ನಮಗೆ ಬಸ್ಸು ಹತ್ತಿದರೆ ಸಿಗುವ ದೂರ. ಅದೇ ಬಸವಣ್ಣನವರ ಮುಂದೆ, ಹೊಳೆಯ ಗಾಳಿಯಲ್ಲಿ, ನಮ್ಮ ಮನೆಯಾಕೆ ಸಣ್ಣ ದನಿಯಲ್ಲಿ ಎರಡು ವಚನ ಹೇಳಿದಳು. ಸೈಕಲ್ ಮೇಲೆ ಹೊರಟಿದ್ದ ಹುಡುಗಿಯೊಬ್ಬಳು ಇಳಿದು ಇವರು ಯಾರು ಅಂತ ಕೇಳಿದಳು. ಹನ್ನೆರಡನೇ ಶತಮಾನ, ಎಲ್ಲ ಜಾತಿಯ ಗಂಡಸರು ಹೆಂಗಸರು ಒಂದೆಡೆ ಕೂತು ಮಾತಾಡಿದ ಜಾಗ ಅಂತ ನನ್ನ ಮಗಳು ಹೇಳಿದಾಗ ಆಕೆ ಕಲ್ಲಿನ ಮೇಲಿನ ಬರಹವನ್ನು ಪೂರಾ ಓದಿಯೇ ಹೋದಳು.

ಅಲ್ಲಿಂದ ದಂಡೆ ಹಿಡಿದು ಮುಂದಕ್ಕೆ ನಡೆದರೆ ನದಿಯ ಆಚೆ ಪಾರ್ಲಿಮೆಂಟಿನ ಗೋಪುರಗಳು. ವೆಸ್ಟ್‌ಮಿನ್‌ಸ್ಟರ್ ಸೇತುವೆ ದಾಟಿದರೆ ಅಬ್ಬೆ ಚರ್ಚು. ಒಂದೇ ದಿನದಲ್ಲಿ ಅವರ ಕ್ರಿಕೆಟ್ಟೂ ಆಯಿತು, ನಿಮ್ಮ ಹಳೆಯ ಊರೂ ಆಯಿತು.

ಪ್ರಶ್ನೆ: ಲಾರ್ಡ್ಸ್‌ನ ಭಾರತ ಪಂದ್ಯದ ಟಿಕೆಟ್ ಎಲ್ಲ ಮುಗಿದಿವೆ ಅಂತ ತೋರಿಸುತ್ತದೆ. ಬೇರೊಂದು ವೆಬ್‌ಸೈಟಿನಲ್ಲಿ ಮೂರು ಪಟ್ಟು ರೇಟಿಗೆ ಸಿಗುತ್ತಿವೆ. ತಗೊಳ್ಳಲೇ? — ಒಬ್ಬ ಓದುಗ, ಹುಮನಾಬಾದ

ಉತ್ತರ: ಬೇಡ ತಮ್ಮಾ. ಇದನ್ನು ನಾನು ಅನುಭವಿಸಿ ಹೇಳುತ್ತಿದ್ದೇನೆ. 2018ರ ಜುಲೈನಲ್ಲಿ ಲಾರ್ಡ್ಸ್‌ನ ಏಕದಿನ ಪಂದ್ಯಕ್ಕೆ ಇಂಥದೇ ಒಂದು ಮರುಮಾರಾಟದ ಜಾಗದಲ್ಲಿ ಎರಡು ಟಿಕೆಟ್ ಕೊಂಡಿದ್ದೆವು. ಕೊಟ್ಟ ಹಣ ನನ್ನ ಒಂದು ತಿಂಗಳ ಪಿಂಚಣಿಗೆ ಸಮ. ಗೇಟಿನಲ್ಲಿ ಯಂತ್ರಕ್ಕೆ ಹಿಡಿದರೆ ಕೆಂಪು ದೀಪ. ಅದೇ ಟಿಕೆಟ್ ಇನ್ನೊಬ್ಬರಿಗೂ ಮಾರಿದ್ದರು, ಅವರು ಮೊದಲೇ ಒಳಗೆ ಹೋಗಿದ್ದರು. ಗೇಟಿನ ಹೆಣ್ಣುಮಗಳು ಭಾಳ ಸಮಾಧಾನದಿಂದ ತಿಳಿಸಿ ಹೇಳಿದಳು. ಆಕೆಯ ಕೈಯಲ್ಲೂ ಏನೂ ಇರಲಿಲ್ಲ. ಗೋಡೆಯಾಚೆ ಜನ ಕೂಗುವುದು ಕೇಳುತ್ತಿತ್ತು, ನಾವು ಹೊರಗೆ ಫುಟ್‌ಪಾತ್ ಮೇಲೆ. ಹಣ ಇವತ್ತಿಗೂ ವಾಪಸು ಬಂದಿಲ್ಲ.

ಮೈದಾನದವರ ಸ್ವಂತ ವೆಬ್‌ಸೈಟು ಬಿಟ್ಟು ಬೇರೆಲ್ಲೂ ಕೊಳ್ಳಬೇಡ. ಬರಲಾಗದವರು ಅಲ್ಲೇ ಟಿಕೆಟ್ ಹಿಂದಿರುಗಿಸುತ್ತಾರೆ, ಪಂದ್ಯದ ವಾರದಲ್ಲಿ ದಿನಕ್ಕೆರಡು ಸಲ ತೆಗೆದು ನೋಡುತ್ತಿರು. ಟೆಸ್ಟಾದರೆ ಐದನೇ ದಿನದ ಮೇಲೆ ಕಣ್ಣಿಡು. ಆಟ ಅಲ್ಲಿತನಕ ಬರುವ ಖಾತ್ರಿ ಇರುವುದಿಲ್ಲ, ಅದಕ್ಕೇ ಬೆಲೆ ಬಹಳ ಕಮ್ಮಿ. ಅದೇ ವರ್ಷದ ಸೆಪ್ಟೆಂಬರ್ 11ರಂದು ನಾನು ಓವಲ್‌ನಲ್ಲಿ ಐದನೇ ದಿನದ ಟಿಕೆಟ್ಟಿನ ಮೇಲೆ ಕೂತಿದ್ದೆ. ಗೆಲ್ಲಲು ಭಾರತ 464 ಹೊಡೆಯಬೇಕಿತ್ತು. ನಮ್ಮ ಕೆ.ಎಲ್. ರಾಹುಲ್ 149, ರಿಷಭ್ ಪಂತ್ 114, ಇಬ್ಬರೂ ಕೂಡಿ ಆರನೇ ವಿಕೆಟ್ಟಿಗೆ 204. ಆದಿಲ್ ರಶೀದರ ಚೆಂಡು ಲೆಗ್ ಸ್ಟಂಪಿನ ಆಚೆ, ಬೂಟಿನಿಂದ ಕೆದರಿದ ಮಣ್ಣಿನಲ್ಲಿ ಬಿದ್ದು, ತಿರುಗಿ ರಾಹುಲರ ಆಫ್ ಸ್ಟಂಪಿಗೆ ಬಡಿಯಿತು. ಎದ್ದು ನಿಂತು ಚಪ್ಪಾಳೆ ಹೊಡೆದವರಲ್ಲಿ ಎರಡೂ ಕಡೆಯವರಿದ್ದರು. 118 ರನ್ನಿನಿಂದ ಸೋತೆವು. ಅಷ್ಟು ಛಲೋ ದಿನ ಮೈದಾನದಲ್ಲಿ ನಾನು ಮತ್ತೊಂದು ಕಂಡಿಲ್ಲ.

ಲಾರ್ಡ್ಸ್‌ನ ಹೊರಗೆ ಉಳಿದ ಆ ದಿನ ಪೂರಾ ಹಾಳಾಗಲಿಲ್ಲ ಅನ್ನುವುದನ್ನೂ ಹೇಳಬೇಕು. ಮಗಳು ಕೈ ಹಿಡಿದು ರೀಜೆಂಟ್ಸ್ ಪಾರ್ಕಿನ ಅಂಚಿನಿಂದ ಪ್ರಿಮ್‌ರೋಸ್ ಹಿಲ್ ಕಡೆಗೆ ನಡೆಸಿದಳು. ಕಿಂಗ್ ಹೆನ್ರೀಸ್ ರಸ್ತೆಯ 10ನೇ ನಂಬರಿನ ಮನೆ. ಗೋಡೆಯ ಮೇಲೆ ಫಲಕ: 1921–22ರಲ್ಲಿ ಡಾ. ಅಂಬೇಡ್ಕರ್ ಇಲ್ಲಿ ವಾಸವಾಗಿದ್ದರು. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನಲ್ಲಿ ಓದುತ್ತ, ಬ್ರಿಟಿಷ್ ಮ್ಯೂಸಿಯಮ್ಮಿನ ಗ್ರಂಥಾಲಯದಲ್ಲಿ ದಿನಗಟ್ಟಲೆ ಕೂರುತ್ತಿದ್ದ ಕಾಲ. ನನ್ನ ಶಾಲೆಯಲ್ಲಿ ಓಟದಲ್ಲಿ ಜಿಲ್ಲೆಗೇ ಮೊದಲು ಬಂದ ಹುಡುಗನೊಬ್ಬ ಅವರ ಫೋಟೊವನ್ನು ಕಂಪಾಸ್ ಪೆಟ್ಟಿಗೆಯಲ್ಲಿ ಇಟ್ಟುಕೊಂಡಿದ್ದ. ಆ ಮೆಟ್ಟಿಲ ಮುಂದೆ ನಿಂತು ಅವನಿಗೆ ಫೋನ್ ಮಾಡಿದೆ. 2023ರಲ್ಲಿ ಮತ್ತೆ ಹೋಗಿ ಒಳಗಿನ ಕೋಣೆಗಳನ್ನೂ ನೋಡಿದೆ. ಲಾರ್ಡ್ಸ್‌ಗೆ ಹೋಗುವ ಪ್ರತಿಯೊಬ್ಬರೂ ಆ ಅರ್ಧ ತಾಸಿನ ನಡಿಗೆ ಸೇರಿಸಿಕೊಳ್ಳಬೇಕು ಅನ್ನುವುದು ನನ್ನ ಆಗ್ರಹ.

ಪ್ರಶ್ನೆ: ಸರ್, ನಾನು ಒಂಬತ್ತನೇ ತರಗತಿ, ಫಾಸ್ಟ್ ಬೌಲರ್. ಲಾರ್ಡ್ಸ್‌ನಲ್ಲಿ ಹೆಣ್ಣುಮಕ್ಕಳನ್ನು ಬಿಡುತ್ತಿರಲಿಲ್ಲವಂತೆ, ಖರೇನಾ? ಅಲ್ಲಿ ಪಿಚ್ ಇಳಿಜಾರು ಇದೆಯಂತೆ, ಅದೂ ಖರೇನಾ? — ಒಬ್ಬ ವಿದ್ಯಾರ್ಥಿನಿ, ಯಾದಗಿರಿ

ಉತ್ತರ: ಎರಡೂ ಖರೇ, ಮಗಳೇ. ಮೈದಾನ ಎಂ.ಸಿ.ಸಿ. ಅನ್ನುವ ಹಳೆಯ ಕ್ರಿಕೆಟ್ ಕ್ಲಬ್ಬಿನದು, ಈಗಿರುವ ಜಾಗದಲ್ಲಿ 1814ರಿಂದ ಇದೆ. ಹೆಂಗಸರನ್ನು ಸದಸ್ಯರಾಗಿ ಸೇರಿಸಿಕೊಳ್ಳಲು ಅವರು ಮತ ಹಾಕಿ ಒಪ್ಪಿದ್ದು 1998ರಲ್ಲಿ. ಹೆಣ್ಣುಮಕ್ಕಳು ಆ ನೆಲದ ಮೇಲೆ ಮೊದಲ ಪಂದ್ಯ ಆಡಿದ್ದು 1976ರಲ್ಲಿ. ಆದರೆ ಇದನ್ನೂ ನೆನಪಿಡು: ಕ್ರಿಕೆಟ್ಟಿನ ಮೊದಲ ವಿಶ್ವಕಪ್ ಆಡಿದವರು ಹೆಂಗಸರು, 1973ರಲ್ಲಿ, ಇಂಗ್ಲೆಂಡಿನಲ್ಲೇ. ಗಂಡಸರದು ಎರಡು ವರ್ಷ ತಡ. 2017ರ ಜುಲೈ 23ರಂದು ಅದೇ ಲಾರ್ಡ್ಸ್‌ನಲ್ಲಿ ಫೈನಲ್. ನಮ್ಮ ತಂಡದಲ್ಲಿ ವಿಜಯಪುರದ ರಾಜೇಶ್ವರಿ ಗಾಯಕ್ವಾಡ್, ಕಡೂರಿನ ವೇದಾ ಕೃಷ್ಣಮೂರ್ತಿ ಇದ್ದರು. 9 ರನ್ನಿನಿಂದ ಸೋತೆವು. ಆ ರಾತ್ರಿ ನಮ್ಮ ಶಾಲೆಯ ಹುಡುಗಿಯರು ಫೋನ್ ಮೇಲೆ ಫೋನ್ ಮಾಡಿ ಅತ್ತರು, ಮರುದಿನ ಮುಂಜಾನೆ ಆರಕ್ಕೇ ನೆಹರು ಸ್ಟೇಡಿಯಮ್ಮಿಗೆ ಪ್ರ್ಯಾಕ್ಟೀಸಿಗೆ ಬಂದರು. 2025ರ ನವೆಂಬರ್‌ನಲ್ಲಿ ನವಿ ಮುಂಬಯಿಯಲ್ಲಿ ಕಪ್ ಬಂತಲ್ಲ, ನನಗೆ ಮೊದಲು ನೆನಪಾದದ್ದು ಆ ಮುಂಜಾನೆ.

ಇಳಿಜಾರಿನ ವಿಷಯ. ಪೆವಿಲಿಯನ್ ಕಡೆಯಿಂದ ನಿಂತು ನೋಡಿದರೆ ಮೈದಾನ ಎಡದಿಂದ ಬಲಕ್ಕೆ ಇಳಿಯುತ್ತದೆ. ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಸುಮಾರು ಎರಡೂವರೆ ಮೀಟರ್ ತಗ್ಗು. ಟಿವಿಯಲ್ಲಿ ಗೊತ್ತಾಗುವುದಿಲ್ಲ, ಅಲ್ಲಿ ಕೂತರೆ ಬರಿಗಣ್ಣಿಗೇ ಕಾಣುತ್ತದೆ. ನೀನು ಬಲಗೈ ಬೌಲರ್ ಅಂತ ಇಟ್ಟುಕೊಳ್ಳೋಣ. ಪೆವಿಲಿಯನ್ ಕಡೆಯಿಂದ ಹಾಕಿದರೆ ಚೆಂಡು ಬಲಗೈ ಬ್ಯಾಟರ್‌ನ ಒಳಕ್ಕೆ ಬರುತ್ತದೆ. ಎದುರಿನ ನರ್ಸರಿ ಕಡೆಯಿಂದ ಹಾಕಿದರೆ ಹೊರಕ್ಕೆ ಹೋಗುತ್ತದೆ. ನೀನು ಏನೂ ಮಾಡಬೇಕಾಗಿಲ್ಲ, ಸೀಮ್, ಅಂದರೆ ಚೆಂಡಿನ ಹೊಲಿಗೆ, ನೆಟ್ಟಗೆ ಹಿಡಿದು ಹಾಕು, ಉಳಿದದ್ದು ನೆಲ ನೋಡಿಕೊಳ್ಳುತ್ತದೆ. ಪಂದ್ಯ ಇಲ್ಲದ ದಿನ ಟಿಕೆಟ್ ತಗೊಂಡು ಒಳಗೆಲ್ಲ ತಿರುಗಿಸಿ ತೋರಿಸುವ ವ್ಯವಸ್ಥೆ ಇದೆ. ಆಟಗಾರರು ಇಳಿದು ಬರುವ ಲಾಂಗ್ ರೂಮ್, ಇಂಗ್ಲೆಂಡ್–ಆಸ್ಟ್ರೇಲಿಯಾ ಟೆಸ್ಟ್ ಸರಣಿಯ ಗುರುತಾದ, ಗೇಣುದ್ದವೂ ಇಲ್ಲದ ಆ್ಯಶಸ್ ಕುಡಿಕೆ, 1983ರ ಜೂನ್ 25ರಂದು ಕಪಿಲ್ ದೇವ್ ಕಪ್ ಎತ್ತಿದ ಬಾಲ್ಕನಿ ಎಲ್ಲ ನೋಡಬಹುದು. ಆ ತಂಡದಲ್ಲಿ ನಮ್ಮ ರೋಜರ್ ಬಿನ್ನಿ, ಸೈಯದ್ ಕಿರ್ಮಾನಿ ಇದ್ದರು ಅಂತ ನಿನ್ನ ಗೆಳತಿಯರಿಗೂ ಹೇಳು.

ಪ್ರಶ್ನೆ: ನಮ್ಮದು ಬಿದರಿ ಕೆಲಸದ ಮನೆತನ. ಲಂಡನ್ ಮ್ಯೂಸಿಯಮ್ಮಿನಲ್ಲಿ ಹಳೆಯ ಬಿದರಿ ಸಾಮಾನು ಇವೆ ಅಂತ ಅಜ್ಜ ಹೇಳುತ್ತಿದ್ದರು. ಒಳಗೆ ಹೋಗಲು ಎಷ್ಟು ಹಣ? — ಒಬ್ಬ ಓದುಗ, ಬೀದರ್

ಉತ್ತರ: ನಿಮ್ಮ ಅಜ್ಜನವರು ಹೇಳಿದ್ದು ಸತ್ಯ. ಹಣ ಏನೂ ಇಲ್ಲ. ದಕ್ಷಿಣ ಕೆನ್ಸಿಂಗ್ಟನ್‌ನ ವಿಕ್ಟೋರಿಯಾ ಆ್ಯಂಡ್ ಆಲ್ಬರ್ಟ್ ಮ್ಯೂಸಿಯಂ, ಬ್ರಿಟಿಷ್ ಮ್ಯೂಸಿಯಂ, ಎರಡರಲ್ಲೂ ಪ್ರವೇಶ ಪುಕ್ಕಟೆ. ವಿಕ್ಟೋರಿಯಾ ಮ್ಯೂಸಿಯಮ್ಮಿನ ಬಿದರಿ ಸಂಗ್ರಹ ದೊಡ್ಡದು. 1799ರಲ್ಲಿ ಶ್ರೀರಂಗಪಟ್ಟಣದಿಂದ ಒಯ್ದ ಟಿಪ್ಪುವಿನ ಮರದ ಹುಲಿಯೂ ಅವರಲ್ಲೇ ಇದೆ. ಆಗಾಗ ದುರಸ್ತಿಗೆ ಅಂತ ಕೋಣೆಗಳನ್ನು ಮುಚ್ಚುತ್ತಾರೆ. ಹೊರಡುವ ಮುಂಚೆ ದಕ್ಷಿಣ ಏಷ್ಯಾದ ವಸ್ತುಗಳು ಪ್ರದರ್ಶನಕ್ಕೆ ಇವೆಯೇ ಅಂತ ಅವರ ವೆಬ್‌ಸೈಟಿನಲ್ಲಿ ನೋಡಿಕೊಳ್ರಿ.

ನಾನು ಬೆಳೆದದ್ದು ಬೀದರ್‌ನಲ್ಲಿ, ಮುಂಜಾನೆ ಉಳಿ–ಸುತ್ತಿಗೆಯ ಸಪ್ಪಳಕ್ಕೆ ಏಳುವ ಓಣಿಯಲ್ಲಿ. 2018ರಲ್ಲಿ ಅಲ್ಲಿ ಗಾಜಿನ ಒಳಗೆ ಒಂದು ಹುಕ್ಕಾದ ಬುಡ ನೋಡಿದೆ: ಕರಿ ಮೈ, ಮೇಲೆ ಬೆಳ್ಳಿಯ ಬಳ್ಳಿ. ಚೀಟಿಯಲ್ಲಿ ಬೀದರ್ ಅನ್ನುವ ಹೆಸರಿತ್ತು. ಮಾಡಿದವರ ಹೆಸರಿರಲಿಲ್ಲ. ಪಕ್ಕದಲ್ಲಿದ್ದ ದಂಪತಿ ಇಷ್ಟು ಕಪ್ಪು ಬಣ್ಣ ಹೆಂಗ ಬಂತು ಅಂತ ಮಾತಾಡಿಕೊಳ್ಳುತ್ತಿದ್ದರು. ಮಗಳ ಮೂಲಕ ನಾನೇ ಹೇಳಿದೆ: ಜಸ್ತ ಹೆಚ್ಚು, ತಾಮ್ರ ಸ್ವಲ್ಪ ಕೂಡಿಸಿ ಎರಕ ಹೊಯ್ಯುತ್ತಾರೆ, ಚಿತ್ತಾರ ಕೊರೆದು ಬೆಳ್ಳಿ ತಂತಿ ಕೂಡಿಸುತ್ತಾರೆ, ಕೊನೆಗೆ ನಮ್ಮ ಕೋಟೆಯ ಹಳೆಯ ಮಣ್ಣಿಗೆ ನವಸಾಗರ ಬೆರೆಸಿದ ನೀರಿನಲ್ಲಿ ಹಾಕಿದಾಗ ಮೈ ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೇ ಉಳಿಯುತ್ತದೆ. ಮಣ್ಣನ್ನು ನಾಲಿಗೆಗೆ ಹಚ್ಚಿ ಪರೀಕ್ಷೆ ಮಾಡುತ್ತಾರೆ ಅಂದಾಗ ಅವರು ನಂಬಲು ಹೊತ್ತು ಹಿಡಿಯಿತು. ನೀವು ಹೋದಾಗ ನಿಮ್ಮ ಕೈಯ ಒಂದು ಸಣ್ಣ ಸಾಮಾನು ಜೇಬಿನಲ್ಲಿ ಇಟ್ಟುಕೊಂಡು ಹೋಗ್ರಿ. ಹಳೆಯದರ ಪಕ್ಕಕ್ಕೆ ಹಿಡಿದು ನೋಡ್ರಿ. ನೋಡಿ ಬಂದು ನನಗೆ ಪತ್ರ ಬರೀರಿ, ಇದೇ ಅಂಕಣದಲ್ಲಿ ಹಾಕುತ್ತೇನೆ.

ಪ್ರಶ್ನೆ: ಪ್ರೀಮಿಯರ್ ಲೀಗ್ ಫುಟ್‌ಬಾಲ್ ಒಂದು ಮ್ಯಾಚ್ ಆದರೂ ನೋಡಬೇಕು. ದಾರಿ ಏನು? — ಒಬ್ಬ ಓದುಗ, ಬಸವಕಲ್ಯಾಣ

ಉತ್ತರ: ಆಗಸ್ಟ್‌ನಿಂದ ಮೇ ತನಕ ಹೋದರೆ ಮಾತ್ರ ಸಾಧ್ಯ, ಜೂನ್, ಜುಲೈನಲ್ಲಿ ಲೀಗ್ ಇರುವುದಿಲ್ಲ. ದೊಡ್ಡ ಕ್ಲಬ್ಬುಗಳು ಮೊದಲು ತಮ್ಮ ಸದಸ್ಯರಿಗೆ ಮಾರುತ್ತವೆ, ಹಣ ಕಟ್ಟಿ ಸದಸ್ಯನಾಗಿ ಕಾಯಬೇಕು. ಬೀದಿಯಲ್ಲಿ ಬ್ಲ್ಯಾಕ್‌ನಲ್ಲಿ ಮಾರುವವರ ಹತ್ತಿರ ಹೋಗಬೇಡ, ಫುಟ್‌ಬಾಲ್ ಟಿಕೆಟ್ ಹಂಗ ಮಾರುವುದು ಅಲ್ಲಿ ಅಪರಾಧ. ಕೆಳಗಿನ ಡಿವಿಷನ್ನಿನ ಪಂದ್ಯ, ಮಹಿಳೆಯರ ಪಂದ್ಯಗಳಿಗೆ ಸುಲಭವಾಗಿ ಜಾಗ ಸಿಗುತ್ತದೆ; ಹಾಡು, ಕೂಗಾಟ ಅಲ್ಲಿಯೂ ಕಮ್ಮಿ ಇಲ್ಲ.

ಪ್ರಶ್ನೆ: ತಂದೆಗೆ 74 ವರ್ಷ, ಮೊಣಕಾಲು ನೋವು. ಟವರ್ ಆಫ್ ಲಂಡನ್, ಕ್ರಿಕೆಟ್ ಎರಡೂ ಅವರಿಗೆ ಬೇಕು. ಊಟದ ಚಿಂತೆ ಬೇರೆ. — ಒಬ್ಬ ಓದುಗಿ, ಆಳಂದ

ಉತ್ತರ: ಎರಡನ್ನೂ ಒಂದೇ ದಿನ ಇಟ್ಟುಕೊಳ್ಳಬೇಡ ತಾಯಿ. ಟವರ್‌ಗೆ ಟಿಕೆಟ್ ದುಬಾರಿ, ಆದರೂ ನೋಡುವಂಥದು. ಕಲಬುರಗಿ ಕೋಟೆಯ ಜಾಮಾ ಮಸೀದಿ 1367ರದು. ಟವರ್, ಅಂದರೆ ಲಂಡನ್ನಿನ ಹಳೆಯ ಕೋಟೆಯ, ಬಿಳಿ ಗೋಪುರ ಅದಕ್ಕಿಂತ ಸುಮಾರು ಮುನ್ನೂರು ವರ್ಷ ಹಿಂದೆ ಕಟ್ಟಲು ಶುರುಮಾಡಿದ್ದು. ಗೋಪುರದೊಳಗೆ ಸುತ್ತುಮೆಟ್ಟಿಲು ಬಹಳ, ಅದನ್ನು ಅಪ್ಪಾಜಿಗೆ ಬಿಟ್ಟುಬಿಡು. ಕೊಹಿನೂರ್ ಇರುವ ಆಭರಣದ ಮನೆ ತೋರಿಸು. ಬಾಗಿಲು ತೆರೆಯುವ ಹೊತ್ತಿಗೇ ಹೋದರೆ ಸಾಲು ಸಣ್ಣದಿರುತ್ತದೆ. ಅಲ್ಲಿಂದ ದೋಣಿ ಹತ್ತಿ ವೆಸ್ಟ್‌ಮಿನ್‌ಸ್ಟರ್ ತನಕ ಬಂದರೆ ಸೇತುವೆಗಳು, ಸೇಂಟ್ ಪಾಲ್ಸ್ ಗುಮ್ಮಟ ಎಲ್ಲ ಕೂತಲ್ಲಿಂದಲೇ ಕಾಣುತ್ತವೆ.

ಊರೊಳಗೆ ಟ್ಯೂಬ್ ರೈಲಿಗಿಂತ ಬಸ್ಸು ಅವರಿಗೆ ಅನುಕೂಲ. ಹಲವು ಹಳೆಯ ಟ್ಯೂಬ್ ನಿಲ್ದಾಣಗಳಲ್ಲಿ ಲಿಫ್ಟ್ ಇಲ್ಲ. ಬಸ್ಸಿನಲ್ಲಿ ರೊಕ್ಕ ತಗೊಳ್ಳುವುದಿಲ್ಲ, ಕಾರ್ಡ್ ಮುಟ್ಟಿಸಬೇಕು. ಒಂದು ತಾಸಿನೊಳಗೆ ಎಷ್ಟು ಬಸ್ಸು ಬದಲಿಸಿದರೂ ಒಂದೇ ಚಾರ್ಜು.

ಆಟಕ್ಕೆ ಕೌಂಟಿ ದಿನವೇ ಸರಿ. ಬಾಕುಗಳು ಖಾಲಿ ಇರುವುದರಿಂದ ಕಾಲು ಚಾಚಿ ಕೂರಬಹುದು, ಬಿಸಿಲು ಬಂದರೆ ನೆರಳಿಗೆ ಎದ್ದು ಹೋಗಬಹುದು. ಜುಲೈನಲ್ಲೂ ಒಂದು ಸ್ವೆಟರ್, ಒಂದು ಕೊಡೆ ಚೀಲದಲ್ಲಿರಲಿ. ಮನೆಯ ಬುತ್ತಿ ಒಳಗೆ ಒಯ್ಯಲು ಬಿಡುತ್ತಾರೆ; ಗಾಜಿನ ಬಾಟಲಿ ಮಾತ್ರ ಬೇಡ. ಇಲ್ಲಿಂದ ಹೋಗುವಾಗ ಖಡಕ್ ರೊಟ್ಟಿ, ಒಣ ಹಿಂಡಿ ಕಟ್ಟಿಕೋ. ಆ ದೇಶದೊಳಗೆ ಹಾಲಿನ ಪದಾರ್ಥ ಒಯ್ಯುವಂತಿಲ್ಲ, ಹಾಗಾಗಿ ತುಪ್ಪ, ಪೇಢೆ, ಖೋವಾ ಮನೆಯಲ್ಲೇ ಬಿಟ್ಟು ಹೋಗು. ಓವಲ್‌ಗೆ ಹೋದರೆ ಸಂಜೆ ನಡೆಸಬೇಡ, ಟ್ಯಾಕ್ಸಿ ಮಾಡಿ ಆಲ್ಬರ್ಟ್ ಎಂಬ್ಯಾಂಕ್‌ಮೆಂಟಿನ ಉದ್ಯಾನದ ಹತ್ತಿರ ಇಳಿಸು. ಅಲ್ಲಿ ಕೂರಲು ಬೆಂಚುಗಳಿವೆ.